ಗಂಡನ ಹೆಸರಿನ ಕಾಲಂ

ಅವಳು ಹೇಳಿದ್ದಳು. ನನಗೆ ಕೇಳಿಸಿತ್ತು. ಕೇಳಿಸಿದ ಮೇಲೂ ನಾನು 'ಹೇಳಲಿಲ್ಲ' ಎಂದು ಬರೆದೆ.

ನನ್ನ ತಪ್ಪೊಪ್ಪಿಗೆ ಇಷ್ಟೇ. ಮೂರು ವಾಕ್ಯದಲ್ಲಿ ಮುಗಿಯುವ ವಿಷಯ. ಇದನ್ನು ಇಪ್ಪತ್ತೆಂಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ — ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ದಿನ ನನಗೆ ಸಿಟ್ಟು ಬಂದಿದ್ದು ನನ್ನ ಮೇಲೆ ಅಲ್ಲ. ಅವಳ ಮೇಲೆ, ಅವಳ ಗಂಡನ ಮೇಲೆ, ಸಾಲಾಗಿ ನಿಂತ ಗಾಡಿಗಳ ಮೇಲೆ, ನಾಲ್ಕು ಪ್ರತಿ ಬರೆಯಬೇಕೆಂದು ಹುಕುಂ ಮಾಡಿ ಒಂದು ಹಾಳೆ ಕಾರ್ಬನ್ ಕಾಗದವನ್ನೂ ಕಳಿಸದ ಮಹಾನುಭಾವರ ಮೇಲೆ. ಅದನ್ನೆಲ್ಲ ತೀರಿಸಿಕೊಳ್ಳಲು ಕೈಗೆ ಸಿಕ್ಕವಳು ಅವಳೊಬ್ಬಳು.

ಚನ್ನರಾಯಪಟ್ಟಣದಲ್ಲಿ ಈಗಲೂ ಜನ ಅರ್ಜಿ ಬರೆಸಲು ನನ್ನ ಮನೆಗೇ ಬರುತ್ತಾರೆ. "ಅವರ ಕೈಲಿ ಬರೆಸಿದರೆ ಅರ್ಜಿ ವಾಪಸ್ಸು ಬರೋದಿಲ್ಲ, ಇದ್ದದ್ದನ್ನ ಇದ್ದ ಹಾಗೆ ಬರೆಯೋ ಮನುಷ್ಯ" ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ನನ್ನೆದುರಿಗೇ ಹೇಳುತ್ತಾರೆ. ನಾನು ಕನ್ನಡಕ ಒರೆಸಿಕೊಳ್ಳುತ್ತಾ ಸುಮ್ಮನೆ ಕೂತಿರುತ್ತೇನೆ. ಇನ್ನು ಆಗುವುದಿಲ್ಲ. ಸಾಕಾಗಿಹೋಗಿದೆ.

ಯುದ್ಧದ ಕಾಲ. ನನಗೆ ಇಪ್ಪತ್ತನಾಲ್ಕು ತುಂಬಿತ್ತು. ದಂಡಿಗನಹಳ್ಳಿಯ ಕಡೆಯವನಾದ ನನ್ನನ್ನು ಕೊಂಡುಹೋಗಿ ಕೂರಿಸಿದ್ದು ಅರಕಲಗೂಡಿನ ಆಚೆ, ನಮ್ಮ ಮೈಸೂರು ಸಂಸ್ಥಾನ ಮುಗಿದು ಕೊಡಗು ಶುರುವಾಗುವ ಗಡಿ ಗೇಟಿನಲ್ಲಿ. ಗೇಟು ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ದಾರಿಗೆ ಅಡ್ಡ ಒಂದು ಬಿದಿರಿನ ಗಳು, ಪಕ್ಕದಲ್ಲಿ ನಾಡಹೆಂಚಿನ ಒಂದು ಕೋಣೆ, ಕೋಣೆಗೆ ಒಂದು ಕಿಟಕಿ, ಕಿಟಕಿಯ ಹಿಂದೆ ನಾನು. ನೂರು ಮಾರು ಆಚೆಗೆ ಕೊಡಗಿನವರದ್ದೂ ಅಂಥದೇ ಒಂದು ಗಳು, ಅಂಥದೇ ಒಂದು ಕಿಟಕಿ. ಎರಡು ಗಳುಗಳ ನಡುವಿನ ನೆಲ ಯಾರದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕಿ ಆಚೆಗೆ ಹೋಗಬಾರದು, ಭತ್ತ ಈಚೆಗೆ ಬರಬಾರದು, ಇದು ಮೊದಲನೆಯ ಕೆಲಸ. ಎರಡನೆಯದು ಜನರದ್ದು. ಆಚೆಯವರು ಈಚೆಗೆ ಕಾಯಂ ಆಗಿ ಬಂದು ನೆಲೆಸುವುದಾದರೆ ಗೇಟಿನಲ್ಲಿ ಅರ್ಜಿ ಬರೆಸಬೇಕು. ಅಲ್ಲಿ ತಮ್ಮ ಹೆಸರಿನ ಪಡಿ, ಎಂದರೆ ರೇಷನ್ನು, ರದ್ದಾಗಿದೆ ಎಂಬ ಚೀಟಿ ತರಬೇಕು. ಇಲ್ಲಿಯ ಶಾನುಭೋಗರ ಕಾಗದ ತರಬೇಕು. ಆಮೇಲೆ ಅರ್ಜಿದಾರರು ಕಿಟಕಿಯೆದುರು ನಿಂತು ಹನ್ನೊಂದು ಕಾಲಂಗಳಿಗೆ ತಮ್ಮ ಸ್ವಂತ ಬಾಯಿಂದ ಉತ್ತರ ಹೇಳಬೇಕು. ಎಲ್ಲ ಸರಿ ಇದ್ದರೆ 'ಕಾಯಂ' ಎಂಬ ಮೊಹರು. ಏನಾದರೂ ಬಿಟ್ಟುಹೋಗಿದ್ದರೆ 'ತಾತ್ಕಾಲಿಕ' ಎಂಬ ಮೊಹರು, ಅದರ ಆಯುಸ್ಸು ಮೂರು ತಿಂಗಳು.

ಸ್ವಂತ ಬಾಯಿಂದ ಎಂಬ ಷರತ್ತು ಸುಮ್ಮನೆ ಬಂದದ್ದಲ್ಲ. ನನಗಿಂತ ಮೊದಲು ಆ ಕಿಟಕಿಯಲ್ಲಿದ್ದವನು, ಗಾಡಿಯಲ್ಲಿ ಬಂದ ಗಂಡಸರು ಹೇಳಿದ್ದನ್ನೆಲ್ಲ ನಂಬಿ ಇಲ್ಲದ ಹೆಂಡಿರನ್ನೂ ಇಲ್ಲದ ಅತ್ತೆಯರನ್ನೂ ಬರೆದು ಪಡಿ ಕೊಡಿಸಿ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದ. ಹಾಗಾಗಿ ಗಂಡಸು ಗಳುವಿನ ಈಚೆ ನಿಲ್ಲಬೇಕು, ಹೆಂಗಸು ತಾನೇ ಮಾತಾಡಬೇಕು ಎಂದಾಯಿತು.

ಬರೆದವರಿಗೇನು, ಬರೆದರು. ಏಳನೆಯ ಕಾಲಂ — ಗಂಡನ ಹೆಸರು. ಕೇಳಿ ನೋಡಿ ಎಂದು ಅವರನ್ನೇ ಆ ಕಿಟಕಿಯಲ್ಲಿ ಒಂದು ದಿನ ಕೂರಿಸಬೇಕಿತ್ತು! ನಮ್ಮ ಕಡೆ ಯಾವ ಹೆಂಗಸು ಗಂಡನ ಹೆಸರನ್ನು ಬಾಯಲ್ಲಿ ತರುತ್ತಾಳೆ? ತಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹಸುಗೂಸಾಗಿದ್ದಾಗಿನಿಂದ ಕೇಳಿ ಬೆಳೆದವರು. ನನ್ನ ಹೆಂಡತಿಯೇ ನನ್ನ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಮದುವೆಮನೆಯಲ್ಲಿ ಒಂದೇ ಸಲ, ಅದೂ ಹೊಸಿಲಿಗೆ ಅಡ್ಡ ನಿಂತು ಅವಳ ನಾದಿನಿಯರು ಪೀಡಿಸಿದ್ದಕ್ಕೆ. ಆ ಕಾಲಂ ಬಂದ ಕೂಡಲೇ ಕಿಟಕಿಯೆದುರು ನಿಂತವಳು ಸೆರಗು ಬಾಯಿಗೆ ಇಟ್ಟುಕೊಳ್ಳುವುದು, ನಾನು ತಲೆ ಚಚ್ಚಿಕೊಳ್ಳುವುದು. ದಿನಕ್ಕೆ ನಾಲ್ಕು ಸಲ. ಐದು ಸಲ.

ಅದಕ್ಕೆ ನಾನೇ ಒಂದು ದಾರಿ ಮಾಡಿಕೊಂಡಿದ್ದೆ. ಇದನ್ನು ನೀವು ಮರೆಯಬಾರದು, ನನ್ನ ತಪ್ಪಿನ ತೂಕ ಇರುವುದೇ ಇದರಲ್ಲಿ. ಹಿಂದೆ ನಿಂತ ಯಾವಳಾದರೂ ಹೆಂಗಸು "ಇಂಥವರು ಕಣ್ ಸಾ ಇವಳ ಯಜಮಾನ್ರು" ಎಂದರೆ ಬರೆದುಕೊಳ್ಳುತ್ತಿದ್ದೆ. ಕಿಟಕಿಯೆದುರಿನವಳು ಹೂಂ ಎಂದು ತಲೆಯಾಡಿಸಿದರೆ ಅದೇ ಸ್ವಂತ ಬಾಯಿ. ನೂರಾರು ಜನಕ್ಕೆ ಹಾಗೆ ಮಾಡಿದ್ದೆ. ಯಾರೂ ಕೇಳಿರಲಿಲ್ಲ.

ದೇವೀರಮ್ಮ ಬಂದದ್ದು ಮೂರು ಸಲ.

ಅವಳು ಕೊಡಗಿನ ಕಡೆಯ ಹಳ್ಳಿಯವಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿರಬೇಕು. ಮೊದಲ ಗಂಡ ತೀರಿಕೊಂಡಿದ್ದ. ನಮ್ಮ ಕಡೆಯ ಮಲ್ಲಪ್ಪ ಎಂಬಾತ ಅವಳನ್ನು ಕೂಡಿಕೆ ಮಾಡಿಕೊಂಡಿದ್ದ. ಕೂಡಿಕೆ ಎಂದರೆ ಗಂಡ ಸತ್ತವಳಿಗೆ ಎರಡನೆಯ ಮದುವೆ. ಚಪ್ಪರವಿಲ್ಲ, ವಾಲಗವಿಲ್ಲ, ಲಗ್ನಪತ್ರಿಕೆಯಂತೂ ಇಲ್ಲವೇ ಇಲ್ಲ. ಹೆಣ್ಣಿನ ಕಡೆಯ ನಾಲ್ಕು ಜನ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಕರೆದುಕೊಂಡು ಬರುವುದು, ಅಷ್ಟೇ. ಮಲ್ಲಪ್ಪ ನಲವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ, ಎರಡು ಎಕರೆ ಹೊಲ. ಮೂರು ಸಲವೂ ಗಾಡಿ ಕಟ್ಟಿಕೊಂಡು ಬಂದು ಗಳುವಿನ ಈಚೆ ಹೊಂಗೆ ಮರದಡಿ ಎತ್ತು ಬಿಚ್ಚಿ ಕಾದು ನಿಂತ.

ಮೊದಲ ಸಲ ಪಡಿ ರದ್ದಾದ ಚೀಟಿ ಇರಲಿಲ್ಲ. ಹಿಂದಕ್ಕೆ ಕಳಿಸಿದೆ. ಎರಡನೆಯ ಸಲ ಚೀಟಿ ಇತ್ತು, ಅದರ ಮೇಲೆ ಆ ಕಡೆಯವರ ಮೊಹರು ಇರಲಿಲ್ಲ. ಮತ್ತೆ ಕಳಿಸಿದೆ. ಅವಳು ನಡೆದುಕೊಂಡೇ ಹೋದಳು. ಮಲ್ಲಪ್ಪ ಖಾಲಿ ಗಾಡಿ ಹೊಡೆದುಕೊಂಡು ಹಿಂತಿರುಗಿದ. ಆ ಎರಡು ಸಲ ನನ್ನ ತಪ್ಪಿರಲಿಲ್ಲ, ನಿಜವಾಗಿಯೂ ಇರಲಿಲ್ಲ. ಆದರೆ ಮೂರನೆಯ ಸಲ ಅವಳು ಬರುವುದನ್ನು ಕಿಟಕಿಯಿಂದ ಕಂಡಾಗಲೇ 'ಬಂದಳಪ್ಪಾ ಮತ್ತೆ' ಎಂದುಕೊಂಡಿದ್ದೆ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಶಾಯಿ ನೀರಾಗಿ ಕಾಗದದ ಹಿಂಬದಿಗೆ ಇಳಿಯುತ್ತಿತ್ತು. ಸಂತೆಯ ದಿನ ಬೇರೆ, ಹಿಂದೆ ಹತ್ತು ಹದಿನೈದು ಗಾಡಿ.

ಎಲ್ಲ ಕಾಗದವೂ ಸರಿ ಇತ್ತು ಆ ದಿನ. ಆರು ಕಾಲಂ ಸಲೀಸಾಗಿ ಹೋಯಿತು.

"ಗಂಡನ ಹೆಸರು?"

ಸೆರಗು ಬಾಯಿಗೆ ಹೋಯಿತು.

"ಹೇಳಮ್ಮಾ. ಹೊತ್ತಾಗ್ತದೆ."

ಅವಳು ಹೊಂಗೆ ಮರದ ಕಡೆ ಕೈ ತೋರಿಸಿದಳು. ಕೈ ತೋರಿಸಿದರೆ ಕಾಲಂ ತುಂಬುತ್ತದೆಯೇ? ಹಿಂದೆ ತಿರುಗಿ ನೋಡಿದಳು. ಅವಳ ಜೊತೆಗೆ ಯಾರೂ ಬಂದಿರಲಿಲ್ಲ. ಸಾಲಿನಲ್ಲಿದ್ದವರಿಗೆ ಅವಳ ಗುರುತಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ! ಶಾನುಭೋಗರ ಕಾಗದದಲ್ಲಿ ಮಲ್ಲಪ್ಪ ಎಂದು ಬರೆದದ್ದು ನನ್ನ ಮೊಣಕೈ ಕೆಳಗೇ ಇತ್ತು. 'ಮಲ್ಲಪ್ಪನೇನಮ್ಮಾ?' ಎಂದು ಕೇಳಿದ್ದರೆ ಅವಳು ತಲೆಯಾಡಿಸುತ್ತಿದ್ದಳು, ಮುಗಿಯುತ್ತಿತ್ತು. ಕೇಳಲಿಲ್ಲ. ಸ್ವಂತ ಬಾಯಿಂದ ಹೇಳಬೇಕು, ಸರ್ಕಾರದ ಹುಕುಂ, ನಿನ್ನೊಬ್ಬಳಿಗೋಸ್ಕರ ಬೇರೆ ಕಾನೂನು ಮಾಡಬೇಕಾ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಾಡಿದೆ. ಅವಳು ನನ್ನನ್ನೇ ನೋಡಿ ಒಂದು ಮಾತು ಅಂದಳು.

"ನಿಮ್ಮನೆಯವ್ರು ನಿಮ್ಮೆಸ್ರ ಯೋಳ್ತಾರಾ ಸಾ?"

ಕುಚೋದ್ಯವಾಗಿ ಕೇಳಿದಳೋ, ದಿಟವಾಗಿಯೇ ಕೇಳಿದಳೋ. ಸಾಲಿಗೆ ಸಾಲೇ ನಕ್ಕಿತು. ಗಾಡಿಯ ಮೂಕಿಯ ಮೇಲೆ ಕೂತಿದ್ದ ಮುದುಕನೊಬ್ಬ "ಯೋಳಿ ರೈಟ್ರೆ, ಯೋಳಿ!" ಎಂದ. ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತನಾಲ್ಕು ವರ್ಷದ, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ, ಸರ್ಕಾರಿ ಕುರ್ಚಿಯ ಮೇಲೆ ಕೂತ ಗಂಡಸು ನಾನು. ನಗುವುದು ಬಿಟ್ಟು — ನಕ್ಕಿದ್ದರೆ ಎಲ್ಲ ಅಲ್ಲಿಗೇ ತಣ್ಣಗಾಗುತ್ತಿತ್ತು, ನನಗೂ ನಗು ಬರುವಂಥ ಮಾತೇ ಅದು — ನಗುವುದು ಬಿಟ್ಟು, ಲೇಖನಿ ಮಸಿಕುಡಿಕೆಯಲ್ಲಿ ಅದ್ದಿ, "ಹೇಳದಿದ್ದರೆ ಕಾಯಂ ಇಲ್ಲ. ಹೋಗು ಆಚೆಗೆ" ಎಂದೆ.

ಅವಳ ನಗುಮುಖ ಅಲ್ಲಿಗೇ ನಿಂತುಹೋಯಿತು. ನಾಲ್ಕನೆಯ ಸಲ ಬರಬೇಕು ಎಂಬುದು ಹೊಳೆದಿರಬೇಕು. ಕಿಟಕಿಯ ಸರಳು ಹಿಡಿದು ಒಳಕ್ಕೆ ಬಾಗಿದಳು. ಎರಡೂ ಕಣ್ಣು ಮುಚ್ಚಿಕೊಂಡಳು. ನನಗೊಬ್ಬನಿಗೆ ಮಾತ್ರ ಕೇಳಿಸುವಷ್ಟು, ಉಸಿರಿನಷ್ಟೇ ಮೆಲ್ಲಗೆ, "ಮಲ್ಲಪ್ಪ" ಎಂದಳು. ಅಂದವಳೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಒಬ್ಬ ಗಂಡನನ್ನು ಕಳೆದುಕೊಂಡವಳು ಎರಡನೆಯವನ ಹೆಸರನ್ನು ಬಾಯಿಗೆ ತರಬೇಕಾದರೆ ಏನು ಪಣಕ್ಕಿಟ್ಟಳು ಎಂಬುದು ನನಗೆ ತಿಳಿಯದ್ದೇನಲ್ಲ. ನಾನೂ ಅದೇ ನೀರು ಕುಡಿದವನು. ಆದರೆ ಅಷ್ಟು ಹೊತ್ತಿಗೆ ಏಳನೆಯ ಕಾಲಂನಲ್ಲಿ 'ಹೇಳ' ಎಂದು ಎರಡು ಅಕ್ಷರ ಬಿದ್ದಿತ್ತು. ತಲೆ ಎತ್ತದೆ ಉಳಿದದ್ದನ್ನೂ ಬರೆದೆ. 'ಹೇಳಲಿಲ್ಲ.' ಬಂದ ಕಾರಣದ ಕಾಲಂನಲ್ಲಿ ಮದುವೆ ಎಂದು ಬರೆಯಬೇಕಾದ ಕಡೆ ಒಂದು ಗೆರೆ ಎಳೆದೆ. 'ತಾತ್ಕಾಲಿಕ'ದ ಮೊಹರು ಎತ್ತಿ ಕುಟ್ಟಿದೆ. ಕಾಗದ ಅವಳ ಕೈಗೆ ಕೊಟ್ಟು "ಆಯ್ತು, ಹೋಗು" ಎಂದೆ.

ಓದು ಬಾರದವಳು. ಮಲ್ಲಪ್ಪನಿಗೂ ಬಾರದು. ಮೊಹರು ಬಿದ್ದ ಕಾಗದವನ್ನು ಕಣ್ಣಿಗೊತ್ತಿಕೊಂಡು ಗಾಡಿ ಹತ್ತಿದರು.

ಬೇಕೆಂದರೆ ಆಗಲೇ ಕೂಗಿ ಕರೆಯಬಹುದಿತ್ತು. ಗಾಡಿ ತಿರುವು ದಾಟುವವರೆಗೂ ಕಾಣುತ್ತಿತ್ತು. ನಾನು "ಮುಂದಿನವರು ಬನ್ನಿ" ಎಂದೆ.

ಇನ್ನೊಂದು ಹೇಳುತ್ತೇನೆ, ಇದು ಹೇಳಲು ಹೆಚ್ಚು ನಾಚಿಕೆ. ಸುಗ್ಗಿ ಕಾಲದಲ್ಲಿ ಅವಳೇ ಒಂದು ದಿನ ಗೇಟಿಗೆ ಬಂದಳು. ಮಡಿಲು ತುಂಬ ಸೊಗಡಿನ ಅವರೆಕಾಯಿ. "ನಿಮ್ಮಿಂದ ಕಾಯಮ್ಮಾಗಿ ಬಂದ್ಬುಟ್ಟೆ ಸಾ. ನಮ್ಮೊಲದ್ದು, ಸಾರು ಮಾಡಿಸ್ಕಳಿ" ಎಂದು ಕಿಟಕಿಯ ಕಟ್ಟೆಯ ಮೇಲೆ ಸುರಿದಳು. ನಾನು ಬೈದದ್ದನ್ನು ಅವಳು ಆಗಲೇ ಮರೆತಿದ್ದಳು. ಗೇಟಿನಲ್ಲಿ ಬೈಸಿಕೊಳ್ಳುವುದು ಅವಳ ಲೆಕ್ಕಕ್ಕೆ ಮಾಮೂಲು. ಆ ಹೊತ್ತಿಗೂ ತಡವಾಗಿರಲಿಲ್ಲ. ರಿಜಿಸ್ಟರು ತೆಗೆದು, ಗೆರೆ ಹೊಡೆದು, ಸರಿಮಾಡಿ, ಇನ್‌ಸ್ಪೆಕ್ಟರ ರುಜು ಹಾಕಿಸಬೇಕಿತ್ತು. ರುಜು ಹಾಕಿಸಬೇಕೆಂದರೆ ಯಾಕೆ ತಪ್ಪಾಯಿತು ಎಂದು ಅವರಿಗೆ ಬರೆದುಕೊಡಬೇಕು. ಏನೆಂದು ಬರೆಯಲಿ? ಜನ ನಕ್ಕರು, ಅದಕ್ಕೆ ಎಂದೇ? ಮುಂದಿನ ವಾರ ನೋಡೋಣ ಎಂದುಕೊಂಡೆ. ಮನೆಗೆ ಒಯ್ದ ಅವರೆಕಾಯಿಯನ್ನು ನನ್ನ ಹೆಂಡತಿ ಸುಲಿದು ಹುಳಿ ಮಾಡಿದಳು. ಎರಡು ಸಲ ಬಡಿಸಿಕೊಂಡು ತಿಂದೆ.

ಮೂರು ತಿಂಗಳಾದ ಮೇಲೆ ಯಾರೂ ಅವಳನ್ನು ಹುಡುಕಿಕೊಂಡು ಹೋಗಲಿಲ್ಲ. ಶಾನುಭೋಗರು ಮೊಹರಿದೆಯೆಂದು ನೋಡಿದರೇ ಹೊರತು ಮೊಹರಿನಲ್ಲಿ ಏನಿದೆ ಎಂದು ನೋಡಲಿಲ್ಲ. ಪಡಿ ಬರುತ್ತಿತ್ತು. ನನ್ನ ಮನಸ್ಸೂ ನೆಮ್ಮದಿಯಾಗಿ, ಆ ಹಾಳೆಯ ಮೇಲೆ ಎಷ್ಟೋ ಹಾಳೆಗಳು ಬಿದ್ದವು.

ಒಂದೂವರೆ ವರ್ಷದ ಮೇಲೆ ಮಲ್ಲಪ್ಪ ಚಳಿಜ್ವರ ಬಂದು ಹೋದ. ಆ ವರ್ಷ ಹೊಳೆಸಾಲಿನ ಹಳ್ಳಿಗಳಲ್ಲಿ ಮನೆಗೊಬ್ಬರ ಹಾಗೆ ಹೋದರು. ತಿಥಿ ಮುಗಿಯುತ್ತಿದ್ದ ಹಾಗೆ ಮಲ್ಲಪ್ಪನ ಅಣ್ಣ — ವೀರಪ್ಪ ಎಂದು — ದೇವೀರಮ್ಮನನ್ನು ಹೊಸಿಲಿನಿಂದ ಆಚೆ ನಿಲ್ಲಿಸಿದ. ಇವಳು ನನ್ನ ತಮ್ಮನ ಹೆಂಡತಿಯೇ ಅಲ್ಲ, ಕಳೆ ಕೀಳಲು ಬಂದವಳು, ಅವನು ಇಟ್ಟುಕೊಂಡಿದ್ದ ಎಂದ. ಕೂಡಿಕೆಗೆ ಕೂತ ಹಿರಿಯರೆಲ್ಲ ಆ ಕಡೆಯವರು. ಈ ಕಡೆ ಕಚೇರಿಯಲ್ಲಿ ಅವರ ಮಾತು ನಡೆಯುವುದಿಲ್ಲ. ಶಾನುಭೋಗರ ಕಾಗದದಲ್ಲಿ ಯಾರ ಮನೆಗೆ ಬಂದಳು ಎಂದಿತ್ತೇ ಹೊರತು ಏನಾಗಿ ಬಂದಳು ಎಂದಿರಲಿಲ್ಲ. ಹಾಗಾದರೆ ಕಾಗದದಲ್ಲಿ ಏನಿದೆ? ಗೇಟಿನ ರಿಜಿಸ್ಟರಿದೆ! ಅವಳು ತಾನೇ ಬಲು ಧೈರ್ಯದಿಂದ ಹೇಳಿದಳಂತೆ, ಗೇಟಿನ ರೈಟ್ರನ್ನ ಕೇಳಿ ಸಾಮಿ, ಅವ್ರೇ ಬರ್ದವ್ರೆ ಎಂದು.

ರಿಜಿಸ್ಟರಿನ ಸಮೇತ ನನಗೆ ಕರೆ ಬಂತು.

ಅದು ಎತ್ತರದ ಮಾಡಿನ ತಾಲ್ಲೂಕು ಕಚೇರಿ. ಅಮಲ್ದಾರರು ಮೇಜಿನ ಹಿಂದೆ. ವೀರಪ್ಪ ಒಂದು ಕಡೆ, ಅವಳು ಒಂದು ಕಡೆ. ನನ್ನನ್ನು ಕಂಡು ಅವಳ ಮುಖ ಅರಳಿತು — ತನ್ನವರು ಯಾರೋ ಬಂದರು ಎನ್ನುವ ಹಾಗೆ. ಅದನ್ನು ನೆನೆದರೆ ಈಗಲೂ... ಇರಲಿ. ಅಮಲ್ದಾರರು ಹಾಳೆ ತಿರುಗಿಸಿದರು. ಏಳನೆಯ ಕಾಲಂನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಗಂಡನ ಹೆಸರು — ಹೇಳಲಿಲ್ಲ. ಬಂದ ಕಾರಣ — ಗೆರೆ. ತಾತ್ಕಾಲಿಕ.

ಅವಳು ಮೊದಲು ನನ್ನ ಕಡೆ ನೋಡಿದಳು. ಆಮೇಲೆ ಅಮಲ್ದಾರರ ಕಡೆ.

"ಇಲ್ಲ ಸಾಮಿ. ಯೋಳಿದ್ದೆ. ನನ್ನೀ ಬಾಯಿಂದ್ಲೇ ಯೋಳಿದ್ದೆ. ಯೋಳಿದ್ಕೇ ಅಲ್ವಾ ಅವ್ರು ಓಗ್ಬುಟ್ಟಿದ್ದು."

ಅಮಲ್ದಾರರಿಗೆ ಅರ್ಥವಾಗಲಿಲ್ಲ. ಹಾಗಾದರೆ ಈಗ ಹೇಳು ನೋಡೋಣ ಎಂದರು. ಅವಳು ಇಲ್ಲವೆಂದು ತಲೆಯಾಡಿಸಿದಳು. "ಒಂದ್ಸಲ ಯೋಳಿದ್ಕೇ ಇಂಗಾಯ್ತು. ಇನ್ನ ಯೋಳಾಕಿಲ್ಲ." ಅವರಿಗೂ ರೇಗಿತು. ಹೇಳಿದ್ದೆ ಅನ್ನುತ್ತಾಳೆ, ಹೇಳು ಎಂದರೆ ಹೇಳುವುದಿಲ್ಲ ಎನ್ನುತ್ತಾಳೆ, ಇದೇನು ಮಕ್ಕಳಾಟವೇ ಎಂದು ನನ್ನ ಕಡೆ ತಿರುಗಿದರು.

"ಏನಯ್ಯಾ, ಈಕೆ ಹೇಳಿದ್ದು ನಿನಗೆ ಕೇಳಿಸಿತೇ?"

ಕೆಲಸ ಹೋಗುತ್ತದೆ ಎಂದು ನೆನೆದೆನೇ? ನೆನೆದೆ. ಹೊಸದಾಗಿ ಹುಟ್ಟಿದ್ದ ಮಗಳ ಮುಖ ನೆನೆದೆನೇ? ಅದನ್ನೂ ನೆನೆದೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಇಲ್ಲ. ತಪ್ಪು ಬರೆದ ಗುಮಾಸ್ತ ಎನ್ನಿಸಿಕೊಳ್ಳಬಾರದು ಎಂಬುದೇ ತಲೆಯ ತುಂಬ ಇದ್ದದ್ದು.

"ಇಲ್ಲ ಸ್ವಾಮಿ. ಕೇಳಿಸಲಿಲ್ಲ" ಎಂದೆ.

ಅವಳು ಕಿರುಚಾಡುತ್ತಾಳೆ, ಮಣ್ಣು ಎರಚುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಮಾಡಲಿಲ್ಲ. ನನ್ನನ್ನು ಕಣ್ಣರಳಿಸಿ ನೋಡಿದಳು. ಆಮೇಲೆ ಗೋಡೆಗೆ ಒರಗಿಕೊಂಡಳು. ಸೋಲೊಪ್ಪಿಕೊಂಡಳು ಎಂದುಕೊಂಡೆ ನಾನು.

ಹೊಲ ವೀರಪ್ಪನಿಗಾಯಿತು. ತಾತ್ಕಾಲಿಕದ ಅವಧಿ ಎಂದೋ ಮುಗಿದಿದೆ, ಬಂದ ಕಡೆಗೆ ಹೋಗಬೇಕು ಎಂದಾಯಿತು. ಅದರ ಜೊತೆಗೆ ಅಮಲ್ದಾರರು ನನ್ನ ರಿಜಿಸ್ಟರನ್ನು ಎತ್ತಿ ಹಿಡಿದು, ಕಚೇರಿಯ ಗುಮಾಸ್ತರಿಗೆಲ್ಲ ಕೇಳುವ ಹಾಗೆ "ಬರೆದರೆ ಹೀಗೆ ಬರೀಬೇಕು, ನಡೆದದ್ದು ಮಾತ್ರ" ಎಂದರು. ಮುಂದಿನ ವರ್ಷ ನನಗೆ ಹೊಳೆನರಸೀಪುರಕ್ಕೆ ಬಡ್ತಿಯಾಗಿ ವರ್ಗವಾಯಿತು. ಆಮೇಲೆ ಹಾಸನ. ನನ್ನ ಹೆಸರೆಲ್ಲ ಶುರುವಾದದ್ದು ಆ ಒಂದು ಹಾಳೆಯಿಂದ.

ಹೋಗುವಾಗ ಅವಳು ನಮ್ಮ ಗೇಟಿನಿಂದಲೇ ಹೋಗಬೇಕಿತ್ತು. ಒಂದು ಗಂಟು, ಒಂದು ಕಂಚಿನ ತಣಿಗೆ. ಗಳು ಎತ್ತುವವನು ಆ ದಿನ ರಜೆ. ನಾನೇ ಎದ್ದು ಹೋಗಿ ಎತ್ತಿದೆ. ಅವಳು ನನ್ನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಆಚೆಯ ಕಿಟಕಿಯವನು ಅವಳ ಹೆಸರನ್ನು ಪುಸ್ತಕದಲ್ಲಿ ಹುಡುಕಿ, ನಿನ್ನ ಪಡಿ ನಮ್ಮಲ್ಲಿ ರದ್ದಾಗಿದೆ, ನೀನು ಮೈಸೂರಿನವಳು ಎಂದು ತಡೆದ. ಆ ರದ್ದಿನ ಚೀಟಿಗೆ ಮೊಹರು ಹಾಕಿಸಿಕೊಂಡು ಬಾ ಎಂದು ಅಟ್ಟಿದವನು ನಾನೇ ಅಲ್ಲವೇ! ಎರಡು ಗಳುಗಳ ನಡುವೆ, ದಾರಿಯ ಅಂಚಿನ ಒಂದು ಕಲ್ಲಿನ ಮೇಲೆ ಕೂತಳು. ಊಟದ ಹೊತ್ತಾಯಿತು. ಗಾಡಿಗಳು ಅವಳನ್ನು ಬಳಸಿಕೊಂಡು ಹೋದವು. ನಾನು ಕಿಟಕಿಯ ಬಾಗಿಲು ಎಳೆದುಕೊಂಡು ನಾಲ್ಕು ಪ್ರತಿ ಬರೆಯುತ್ತಾ ಕೂತೆ. ಮತ್ತೆ ತೆರೆದು ನೋಡಿದಾಗ ಕಲ್ಲು ಖಾಲಿಯಾಗಿತ್ತು. ಹಳ್ಳಕ್ಕೆ ಇಳಿದು ಹೋದಳು ಎಂದರು ಯಾರೋ. ಯಾವ ಕಡೆಗೆ ಎಂದು ನಾನು ಕೇಳಲಿಲ್ಲ.

ಈಗ ಆ ಗಡಿಯೇ ಇಲ್ಲ. ರಾಜ್ಯಗಳು ಒಂದಾದವು. ಗೇಟಿನ ಕೋಣೆಯಲ್ಲಿ ಈಗ ಯಾರೋ ಟೀ ಅಂಗಡಿ ಇಟ್ಟಿದ್ದಾರಂತೆ; ಬಸ್ಸುಗಳು ನಿಲ್ಲದೆ ಹೋಗುತ್ತವೆ. ಒಂದು ಹೆಣ್ಣಿನ ಬದುಕನ್ನು ಆಚೆ ಈಚೆ ಎಂದು ಸೀಳಿದ ಗೆರೆಯನ್ನು ಸರ್ಕಾರವೇ ಅಳಿಸಿ ಹಾಕಿತು. ಅದಕ್ಕೂ ನನಗೆ ಸಿಟ್ಟೇ. ಅಳಿಸುವಂಥದಾಗಿದ್ದರೆ ಅದರ ಪಕ್ಕ ಕೂತು ನಾನು ಅಷ್ಟು ಗರ್ವದಿಂದ ಏನು ಕಾಯುತ್ತಿದ್ದೆ?

ಕಳೆದ ತಿಂಗಳು ತಂಗಿಯ ಮಗಳಿಗೆ ಗಂಡು ನೋಡಲೆಂದು ದುದ್ದಕ್ಕೆ ಹೋಗಿದ್ದೆ. ಆ ಮನೆಯವರಿಗೆ ಹಾಲು ಹಾಕಲು ಒಬ್ಬ ಮುದುಕಿ ಬಂದಳು. ಚೆಂಬು ಇಳಿಸಿ, ಕಣ್ಣ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿ, "ಗೇಟಿನ ರೈಟ್ರಲ್ವಾ ನೀವು?" ಎಂದಳು.

ದನಿ ಕೇಳಿ ಗೊತ್ತಾಯಿತು, ದೇವೀರಮ್ಮ. ಮಾತುಕತೆಯ ನಡುವೆ ಎದ್ದು, ಒಂದಿಷ್ಟು ಹೊರಗೆ ಹೋಗಿಬರುತ್ತೇನೆ ಎಂದು ಅವಳ ಹಿಂದೆಯೇ ಹೋದೆ. ಆ ಹಳ್ಳ ದಾಟಿ ಅವಳು ಬಂದದ್ದು ದುದ್ದದಲ್ಲಿದ್ದ ಅಕ್ಕನ ಮನೆಗೆ. ಪಡಿಯಲ್ಲಿ ಹೆಸರಿಲ್ಲದೆ ಎಷ್ಟೋ ಕಾಲ ಅಕ್ಕನ ಪಾಲಿನಲ್ಲೇ ಉಂಡವಳು. ಈಗ ಎರಡು ಎಮ್ಮೆ ಅವಳವೇ. ಕೊಟ್ಟಿಗೆಯ ಜಗಲಿ ಒರೆಸಿ, "ಅದ್ಯಾಕಂಗ್ ನಿಂತ್ಕಂಡ್ರಿ, ಕೂತ್ಕಳಿ" ಎಂದಳು. ನಾನು ಇಪ್ಪತ್ತೆಂಟು ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತು ಶುರುಮಾಡಿದೆ.

"ದೇವೀರಮ್ಮ, ಆ ದಿವಸ ಗೇಟಿನಲ್ಲಿ —"

"ಒಲದ ಮಾತಾ? ಬುಡಿ ಸಾ. ಅದ್ನ ಬಾವ್ನೋರ ಮಕ್ಳು ಯಾವತ್ತೋ ಮಾರ್ಕಂಡು ತಿಂದ್ರು. ನಾನೇ ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ, ದೇವ್ರೇ ಕಳ್ಸವ್ನೆ." ಅವಳು ಹತ್ತಿರಕ್ಕೆ ಸರಿದಳು. "ಕಚೇರೀಲಿ ನೀವು ಕೇಳಿಸ್ನಿಲ್ಲ ಅಂದ್ರಲ್ಲ, ಅದು ದಿಟವಾ? ದಿಟವಾಗ್ಲೂ ನಿಮ್ಮ ಕಿವೀಗೆ ಬೀಳ್ನಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ನನ್ನ ಬಾಯಿಂದ ಬಂದಿದ್ದು ದಿಟ. ಅವ್ರು ಓದಾಗ ನಾನೇ ಕೊಂದ್ಬುಟ್ಟೆ ಅಂತ ಅನ್ನ ನೀರು ಬುಟ್ಟಿದ್ದೆ. ಕಚೇರೀಲಿ ನೀವು ಇಲ್ಲ ಅಂದ್ರಲ್ಲ, ಆಗ ಜೀವ ಬಂತು ಕಣ್ ಸಾ. ಯಾರ ಕಿವೀಗೂ ಬೀಳ್ನಿಲ್ಲ ಅಂದ್ಮೇಲೆ ಅದು ಯೋಳ್ದಂಗಲ್ಲ. ನಮ್ಮಕ್ಕನೂ ಅಂಗೇ ಅಂದ್ಲು. ಒಲ ಓಯ್ತು, ಓಗ್ಲಿ. ನಾನು ಕೊಂದೋಳಲ್ಲ ಅಂತ ಆಯ್ತಲ್ಲ. ಅದ್ನೇ ಇಡ್ಕಂಡು ಇಲ್ಲೀಗಂಟ ಬದುಕಿವ್ನಿ."

ಅವನು ಚಳಿಜ್ವರದಿಂದ ಹೋದನಮ್ಮಾ, ಹೆಸರಿನಿಂದ ಯಾರೂ ಹೋಗುವುದಿಲ್ಲ, ಆ ವರ್ಷ ಎಷ್ಟು ಜನ ಹೋದರು ನೆನಪಿಲ್ಲವೇ ಎಂದೆ. ಅವಳಿಗೆ ರೇಗಿಹೋಯಿತು.

"ಅದೆಲ್ಲ ಬುಡಿ ಸಾ. ಕೇಳಿಸ್ತಾ, ಇಲ್ವಾ? ಅಷ್ಟು ಯೋಳಿ."

ನಿಜ ಹೇಳುವುದಕ್ಕೆಂದೇ ಅವಳ ಹಿಂದೆ ಬಂದವನು ನಾನು.

"ಇಲ್ಲಮ್ಮ. ಕೇಳಿಸಲಿಲ್ಲ."

ಕನಿಕರವೇ? ಹಾಗೆಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಒಂದು ರಾತ್ರಿಯಾದರೂ ಆಗಿಲ್ಲ. ಕಚೇರಿಯಲ್ಲಿ ಎಷ್ಟು ಸಲೀಸಾಗಿ ಬಂದಿತ್ತೋ ಕೊಟ್ಟಿಗೆಯಲ್ಲೂ ಅಷ್ಟೇ ಸಲೀಸಾಗಿ ಬಂತು, ನಾಲಗೆ ಒಂದಿಷ್ಟೂ ತಡವರಿಸಲಿಲ್ಲ. ಅವಳಿಗೆ ಓದು ಬಾರದು ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ, ಅದೂ ಹೇಡಿತನವೇ. ಇದನ್ನು ಓದಿದವರಲ್ಲಿ ಯಾರಾದರೂ ದುದ್ದದ ಕಡೆಯವರಿದ್ದರೆ, ಕೈ ಮುಗಿಯುತ್ತೇನೆ, ಅವಳಿಗೆ ಓದಿ ಹೇಳಬೇಡಿ. ನನಗ್ಯಾವ ಶಿಕ್ಷೆ ಎಂದು ನೀವೇ ತೀರ್ಮಾನಿಸಿ. ಅವಳ ಕ್ಷಮೆ ಕೇಳುವ ದಾರಿಯನ್ನು ನಾನೇ ಎರಡನೆಯ ಸಲ ಮುಚ್ಚಿಕೊಂಡು ಬಂದಿದ್ದೇನೆ, ಅವಳಿರುವ ತನಕ ಅದು ಮುಚ್ಚಿಯೇ ಇರುತ್ತದೆ.

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಮುಖವೆಲ್ಲ ತಿಳಿಯಾಯಿತು. ಒಳಗೆ ಹೋಗಿ ಒಂದು ಲೋಟ ಬಿಸಿ ಹಾಲು ತಂದು ಕೈಗೆ ಕೊಟ್ಟಳು. ಕುಡಿದೆ. ಹೊರಡಲು ಎದ್ದಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮನ್ನ ದೇವ್ರು ಚೆನ್ನಾಗಿಟ್ಟಿರ್ಲಿ ಸಾ" ಎಂದಳು.

ಅದನ್ನೂ ಇಸಿದುಕೊಂಡು ಬಂದೆ.